ಆಪ್ತಸಮಾಲೋಚನೆ: ಮನಸ್ಸಿನ ಗಾಯ, ಮನೆಯೊಳಗಿನ ಸಂಬಂಧ

ಒಂದು ಕೋಣೆ, ಎರಡೋ ಮೂರೋ ಕುರ್ಚಿ, ಮುಚ್ಚಿದ ಬಾಗಿಲು, ಸುಮಾರು 50 ನಿಮಿಷ. ಆಪ್ತಸಮಾಲೋಚನೆಗೆ ಬೇಕಾದ ಸಲಕರಣೆ ಇಷ್ಟೇ. ಮಾತ್ರೆ ಇಲ್ಲ, ಸೂಜಿ ಇಲ್ಲ, ತಾಯತ ಇಲ್ಲ. ಸಂಕಟದಲ್ಲಿರುವವರು ಮಾತಾಡುತ್ತಾರೆ, ತರಬೇತಿ ಪಡೆದವರು ಕೇಳಿಸಿಕೊಳ್ಳುತ್ತಾರೆ, ನಡುನಡುವೆ ಒಂದೊಂದು ಪ್ರಶ್ನೆ ಹಾಕುತ್ತಾರೆ. ಇಷ್ಟರಿಂದಲೇ ವರ್ಷಗಟ್ಟಲೆ ಎದೆಯಲ್ಲಿ ಬಿಗಿದುಕೊಂಡಿದ್ದ ದುಃಖ ಸಡಿಲವಾಗುವುದುಂಟು, ಒಂದೇ ಸೂರಿನಡಿ ಮಾತು ಬಿಟ್ಟಿದ್ದ ಗಂಡ ಹೆಂಡತಿ ಮತ್ತೆ ಮಾತಿಗೆ ಬರುವುದುಂಟು. ಇದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ವೈದ್ಯರೂ ಮನಃಶಾಸ್ತ್ರಜ್ಞರೂ ನೂರು ವರ್ಷಕ್ಕೂ ಮಿಕ್ಕಿ ಪರೀಕ್ಷಿಸುತ್ತ ಬಂದಿದ್ದಾರೆ.

ಕಷ್ಟ ಹೇಳಿಕೊಳ್ಳಲು ನಮ್ಮಲ್ಲಿ ಜಾಗಗಳಿಗೆ ಕೊರತೆಯೇನೂ ಇರಲಿಲ್ಲ. ಅಜ್ಜಿಯ ಮಡಿಲಿತ್ತು, ಸೋದರಮಾವನ ಮನೆಯಿತ್ತು, ಮಠದ ಸ್ವಾಮಿಗಳಿದ್ದರು, ಊರ ಹಿರಿಯರ ಕಟ್ಟೆಯಿತ್ತು. ಅವುಗಳಿಂದ ಎಷ್ಟೋ ಸಂಸಾರಗಳು ಉಳಿದಿವೆ ಎಂಬುದನ್ನು ಮರೆಯಬಾರದು. ಆದರೆ ಅಲ್ಲಿ ಕೇಳಿಸಿಕೊಳ್ಳುವವರಿಗೂ ಆ ಕಥೆಯ ಕೊನೆಯಲ್ಲಿ ಒಂದು ಪಾಲಿರುತ್ತದೆ. ಮಗಳು ತವರಿಗೆ ವಾಪಸಾದರೆ ನಾಲ್ಕು ಜನ ಏನಂತಾರೆ ಎಂಬ ಅಳುಕು ಅಪ್ಪನಿಗಿರುತ್ತದೆ. ತಮ್ಮನ ಮನೆ ಒಡೆದರೆ ಆಸ್ತಿ ಒಡೆಯುತ್ತದೆಂಬ ಲೆಕ್ಕ ಅಣ್ಣನಿಗಿರುತ್ತದೆ. ಹಾಗಾಗಿ ಮಾತು ಬಹುಬೇಗ ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಪಂಚಾಯ್ತಿ ತೀರ್ಪು ಕೊಡುತ್ತದೆ. ಆಪ್ತಸಮಾಲೋಚಕರು ತೀರ್ಪು ಕೊಡುವುದಿಲ್ಲ. ಯಾರದು ತಪ್ಪು ಎಂದು ಹೇಳುವುದು ಅವರ ಕೆಲಸವೇ ಅಲ್ಲ. ಬಂದವರು ತಮಗೇನಾಗುತ್ತಿದೆ ಎಂಬುದನ್ನು ಸ್ಪಷ್ಟವಾಗಿ ನೋಡಿ, ತಮ್ಮ ನಿರ್ಧಾರವನ್ನು ತಾವೇ ಕೈಗೊಳ್ಳುವಷ್ಟು ಬಲ ಪಡೆಯುವಂತೆ ನೋಡಿಕೊಳ್ಳುವುದು ಅವರ ಕೆಲಸ. ಈ ಒಂದು ವ್ಯತ್ಯಾಸ ತಿಳಿದರೆ ಈ ವಿಷಯದ ಅರ್ಧದಷ್ಟು ತಿಳಿದಂತೆಯೇ.

ಮಾತಿನಿಂದ ವಾಸಿ ಮಾಡುವ ವಿಧಾನದ ಕಥೆ ಸಾಮಾನ್ಯವಾಗಿ ವಿಯೆನ್ನಾದಿಂದ ಆರಂಭವಾಗುತ್ತದೆ. 1880ರ ದಶಕದ ಆರಂಭದಲ್ಲಿ ಡಾ. ಯೋಸೆಫ್ ಬ್ರಾಯರ್ ಅವರ ಬಳಿ ಚಿಕಿತ್ಸೆಗೆ ಬಂದ ಬೆರ್ತಾ ಪಾಪೆನ್‌ಹೈಮ್ ಎಂಬ ಯುವತಿ, ತನ್ನ ಕಾಯಿಲೆಯ ಲಕ್ಷಣಗಳ ಬಗ್ಗೆ ಬಿಚ್ಚಿ ಮಾತಾಡಿದಾಗ ಅವು ಕಡಿಮೆಯಾಗುತ್ತವೆಂದು ತಾನೇ ಗುರುತಿಸಿ, ಅದನ್ನು ‘ಮಾತಿನ ಚಿಕಿತ್ಸೆ’ ಎಂದು ಕರೆದಳು. ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ 1895ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆಕೆ ‘ಆನಾ ಓ’ ಎಂಬ ಮರೆಹೆಸರಿನಲ್ಲಿ ಬರುತ್ತಾಳೆ. ಆಕೆ ಮುಂದೆ ಜರ್ಮನಿಯಲ್ಲಿ ಹೆಣ್ಣುಮಕ್ಕಳ ಹಕ್ಕುಗಳಿಗಾಗಿ ದುಡಿದ ದೊಡ್ಡ ಸಮಾಜಸೇವಕಿಯಾದಳು. ಈ ಚಿಕಿತ್ಸೆಗೆ ಹೆಸರು ಕೊಟ್ಟವರು ವೈದ್ಯರಲ್ಲ, ರೋಗಿ ಎಂಬುದು ನೆನಪಿಡಬೇಕಾದ ಸಂಗತಿ.

ಆಪ್ತಸಮಾಲೋಚನೆ ಎಂಬ ವೃತ್ತಿ ಬೆಳೆದದ್ದು ಬೇರೆ ದಾರಿಯಲ್ಲಿ. 1908ರಲ್ಲಿ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಯುವಜನರಿಗೆ ಉದ್ಯೋಗ ಮಾರ್ಗದರ್ಶನ ನೀಡುವ ಕೇಂದ್ರ ತೆರೆದರು. ಬ್ರಿಟನ್ನಿನಲ್ಲಿ 1938ರಲ್ಲಿ ದಾಂಪತ್ಯ ಮಾರ್ಗದರ್ಶನ ಮಂಡಳಿ ಹುಟ್ಟಿತು. ಇವೆರಡಕ್ಕೂ ಒಂದು ತಾತ್ವಿಕ ಬೆನ್ನೆಲುಬು ಸಿಕ್ಕಿದ್ದು ಅಮೆರಿಕದ ಕಾರ್ಲ್ ರೋಜರ್ಸ್ ಅವರಿಂದ. 1942ರಲ್ಲಿ ಬಂದ ಅವರ ಪುಸ್ತಕ, ಚಿಕಿತ್ಸಕ ಎಲ್ಲ ಬಲ್ಲವನು, ರೋಗಿ ಏನೂ ಅರಿಯದವನು ಎಂಬ ಎಣಿಕೆಯನ್ನೇ ಕದಲಿಸಿತು. ಸಮಾಲೋಚನೆಯ ಮಾತುಕತೆಗಳನ್ನು ಧ್ವನಿಮುದ್ರಿಸಿ, ಯಾವ ಮಾತು ಮನಸ್ಸನ್ನು ತೆರೆಯಿತು, ಯಾವುದು ಮುಚ್ಚಿತು ಎಂದು ಸಾಲುಸಾಲಾಗಿ ಪರಿಶೀಲಿಸಿದ ಮೊದಲಿಗರಲ್ಲಿ ಅವರೊಬ್ಬರು. 1957ರ ಒಂದು ಪ್ರಬಂಧದಲ್ಲಿ, ಸಮಾಲೋಚಕರಲ್ಲಿ ಮೂರು ಗುಣಗಳು ಇರಲೇಬೇಕೆಂದರು. ಮುಖವಾಡವಿಲ್ಲದ ಪ್ರಾಮಾಣಿಕತೆ, ಷರತ್ತಿಲ್ಲದ ಗೌರವ, ಎದುರಿನವರ ನೋವನ್ನು ಅವರ ಜಾಗದಲ್ಲಿ ನಿಂತು ಅರಿಯುವ ಶಕ್ತಿ. ಕೇಳಲು ಸರಳ, ಆಚರಿಸಲು ಬಲು ಕಷ್ಟ. ಅಳುತ್ತಿರುವವರ ಎದುರು ಕೂತಾಗ ನಮಗೆಲ್ಲ ಮೊದಲು ಬಾಯಿಗೆ ಬರುವುದು ‘ಅಳಬೇಡ’ ಎಂಬ ಮಾತೇ ಅಲ್ಲವೆ?

ಕನ್ನಡ ನಾಡಿಗೆ ಈ ವಿಜ್ಞಾನ ತಡವಾಗಿ ಬರಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾದದ್ದು 1924ರಲ್ಲಿ. ಕಲ್ಕತ್ತೆಯದನ್ನು ಬಿಟ್ಟರೆ ದೇಶದ ಅತ್ಯಂತ ಹಳೆಯ ವಿಭಾಗಗಳಲ್ಲಿ ಅದೊಂದು. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ರೇಡಿಯೋ ಕೇಂದ್ರ ಆರಂಭಿಸಿದವರು. ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಆವರಣದಲ್ಲೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತಲೆಯೆತ್ತಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಚಿಕಿತ್ಸಾ ಮನಃಶಾಸ್ತ್ರಜ್ಞರನ್ನು ತರಬೇತುಗೊಳಿಸುವ ಭಾರತದ ಮೊದಲ ಕೋರ್ಸು 1955ರಲ್ಲಿ ಅಲ್ಲಿಯೇ ಶುರುವಾಯಿತು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಮಾರನೆಯ ವರ್ಷದಿಂದಲೇ ಅಲ್ಲಿನ ವೈದ್ಯರು ಬೆಂಗಳೂರು ಹೊರವಲಯದ ಸಕಲವಾರ ಗ್ರಾಮದಲ್ಲಿ ಕೂತು, ಹಳ್ಳಿಯ ಆರೋಗ್ಯ ಕಾರ್ಯಕರ್ತರು ಮಾನಸಿಕ ಕಾಯಿಲೆಗಳನ್ನು ಗುರುತಿಸುವುದು ಹೇಗೆಂದು ಕಲಿಸತೊಡಗಿದರು. ಆ ಪ್ರಯೋಗವೇ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿ, 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಸಂಸ್ಥೆಗಳಿಗಿಂತ ಹೆಚ್ಚಾಗಿ ಕನ್ನಡ ಓದುಗರ ಮನಸ್ಸನ್ನು ತಿದ್ದಿದವರು ಬರಹಗಾರರು. ‘ಕೊರವಂಜಿ’ಯ ಸಂಪಾದಕ, ವೈದ್ಯ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋವೈದ್ಯಕೀಯದ ಬಗ್ಗೆ ಬರೆದ ಪುಸ್ತಕಕ್ಕೆ ಆ ಮನ್ನಣೆ ಸಿಕ್ಕಿದ್ದು ಕನ್ನಡದ ಹೆಮ್ಮೆ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ನೂರಕ್ಕೂ ಹೆಚ್ಚು ಕನ್ನಡ ಪುಸ್ತಕಗಳಲ್ಲಿ ಖಿನ್ನತೆ, ಭಯ, ದಾಂಪತ್ಯ, ಪರೀಕ್ಷೆಯ ಒತ್ತಡಗಳನ್ನು ಹಳ್ಳಿಯ ಓದುಗರಿಗೂ ಎಟಕುವ ಮಾತಿನಲ್ಲಿ ವಿವರಿಸಿದ್ದಾರೆ. ಬೆಂಗಳೂರಿನಲ್ಲಿ ಅವರು ನಡೆಸಿದ ‘ಸಮಾಧಾನ’ ಕೇಂದ್ರ ಉಚಿತ ಸಮಾಲೋಚನೆಗೆ ಹೆಸರಾದದ್ದು.

ಇವರೆಲ್ಲರಿಗಿಂತ ಆಳಕ್ಕಿಳಿದದ್ದು ಒಂದು ಕಾದಂಬರಿ. ಮೈಸೂರಿನಲ್ಲಿ ಮನಃಶಾಸ್ತ್ರ ಓದಿದ ತ್ರಿವೇಣಿ ಬರೆದ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದರು. ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ತುತ್ತಾದ ಕಾವೇರಿ ಆಸ್ಪತ್ರೆಯಲ್ಲಿ ಗುಣಮುಖಳಾಗಿ ಮನೆಗೆ ಬರುತ್ತಾಳೆ. ಆಕೆಯ ಕಾಯಿಲೆ ವಾಸಿಯಾಗಿದೆ, ಆದರೆ ಮನೆಯವರ ನೋಟ ವಾಸಿಯಾಗಿಲ್ಲ. ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಗಂಡ ದೂರ ಸರಿಯುತ್ತಾನೆ. ಕೊನೆಗೆ ಅವಳು ಮತ್ತೆ ಅದೇ ಆಸ್ಪತ್ರೆ ಸೇರುತ್ತಾಳೆ. ಒಬ್ಬರಿಗೆ ಚಿಕಿತ್ಸೆ ಮಾಡಿ, ಅವರು ಬದುಕುವ ಸಂಬಂಧಗಳನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಪಠ್ಯಪುಸ್ತಕಗಳಲ್ಲೂ ಸಿಗದು.

ಕುಟುಂಬವನ್ನೇ ಚಿಕಿತ್ಸೆಯ ಒಳಗೆ ತರುವುದರಲ್ಲಿ ಭಾರತೀಯ ವೈದ್ಯರು ಜಗತ್ತಿಗಿಂತ ಹಿಂದಿರಲಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಗುಡಾರಗಳನ್ನು ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜೂ ಅದೇ ದಾರಿ ಹಿಡಿಯಿತು. ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯಕೀಯ ಕೇಂದ್ರವೇ ಬೆಳೆಯಿತು. ಅಲ್ಲಿ ದಂಪತಿಯನ್ನೋ ಇಡೀ ಮನೆಯವರನ್ನೋ ಒಟ್ಟಿಗೆ ಕೂರಿಸಿ ಮಾತಾಡಿಸುತ್ತಾರೆ.

ಕುಟುಂಬ ಚಿಕಿತ್ಸೆಯ ಸಿದ್ಧಾಂತಗಳಲ್ಲಿ ನಮ್ಮ ಮನೆಗಳಿಗೆ ತೀರ ಹತ್ತಿರವಾದುದು ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ವಿವರಿಸಿದ ತ್ರಿಕೋನದ ಕಲ್ಪನೆ. ಇಬ್ಬರ ನಡುವೆ ಬಿಗುವು ಏರಿದಾಗ ಅವರು ಅದನ್ನು ನೇರವಾಗಿ ಎದುರಿಸದೆ ಮೂರನೆಯವರನ್ನು ಒಳಗೆಳೆದುಕೊಳ್ಳುತ್ತಾರೆ. ಅತ್ತೆಗೆ ಸೊಸೆಯ ಮೇಲೆ ಅಸಮಾಧಾನವಾದರೆ ಮಗನ ಕಿವಿಗೆ ಹಾಕುತ್ತಾಳೆ. ಸೊಸೆಯೂ ಅದನ್ನೇ ಮಾಡುತ್ತಾಳೆ. ಮಗ ಇಬ್ಬರಿಗೂ ಹೌದು ಹೌದು ಎಂದು ತಲೆಯಾಡಿಸಿ ಆಫೀಸಿನಲ್ಲಿ ಹೆಚ್ಚು ಹೊತ್ತು ಕಳೆಯತೊಡಗುತ್ತಾನೆ. ಕೆಲವು ಮನೆಗಳಲ್ಲಿ ಆ ಮೂರನೆಯವರು ಏಳೆಂಟು ವರ್ಷದ ಮಗು. ಅಪ್ಪ ಅಮ್ಮ ಜಗಳಾಡಿದ ರಾತ್ರಿಯೇ ಅದಕ್ಕೆ ಹೊಟ್ಟೆನೋವು. ಮಗುವಿಗೆ ಸ್ಕ್ಯಾನಿಂಗ್ ಮಾಡಿಸಿದರೆ ಏನೂ ಕಾಣುವುದಿಲ್ಲ. ಇಂಥ ಮಗುವನ್ನು ಕರೆತಂದಾಗ ಅನುಭವಿ ಸಮಾಲೋಚಕರು ಮಗುವಿಗಿಂತ ಹೆಚ್ಚು ಹೊತ್ತು ತಂದೆತಾಯಿಯ ಜೊತೆ ಮಾತಾಡುತ್ತಾರೆ. ಇಬ್ಬರು ತಮ್ಮ ಮಾತನ್ನು ನೇರವಾಗಿ ತಮ್ಮೊಳಗೇ ಆಡಿಕೊಳ್ಳುವಂತಾದರೆ ಮೂರನೆಯವರ ಹೆಗಲ ಭಾರ ತಾನಾಗಿ ಇಳಿಯುತ್ತದೆ.

ದಾಂಪತ್ಯದ ಜಗಳಗಳನ್ನು ಅಳತೆಗೋಲಿಟ್ಟು ನೋಡಿದವರು ಜಾನ್ ಗಾಟ್‌ಮನ್. ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅವರು ಮನೆಯಂಥದೇ ಒಂದು ಪ್ರಯೋಗಾಲಯ ಕಟ್ಟಿ, ದಂಪತಿಗಳು ಮಾತಾಡುವಾಗ ಅವರ ಮುಖಭಾವ, ಎದೆಬಡಿತ, ಬೆವರುವಿಕೆಗಳನ್ನು ದಾಖಲಿಸಿದರು. ಸಂಬಂಧವನ್ನು ಕೊರೆಯುವ ನಾಲ್ಕು ನಡವಳಿಕೆಗಳನ್ನು ಅವರು ಗುರುತಿಸಿದರು. ವ್ಯಕ್ತಿತ್ವವನ್ನೇ ಚುಚ್ಚುವ ಟೀಕೆ, ತಿರಸ್ಕಾರ, ಸದಾ ಸಮರ್ಥನೆಗಿಳಿಯುವುದು, ಮಾತೇ ಬಿಟ್ಟು ಗೋಡೆಯಾಗುವುದು. ನಾಲ್ಕರಲ್ಲಿ ತಿರಸ್ಕಾರವೇ ಹೆಚ್ಚು ವಿಷ. ಅವರ ಇನ್ನೊಂದು ಶೋಧ ಎಷ್ಟೋ ದಂಪತಿಗಳಿಗೆ ನೆಮ್ಮದಿ ಕೊಡುವಂಥದು: ದಾಂಪತ್ಯದ ಭಿನ್ನಾಭಿಪ್ರಾಯಗಳಲ್ಲಿ ಶೇ 69ರಷ್ಟು ಕೊನೆಯವರೆಗೂ ಬಗೆಹರಿಯುವುದೇ ಇಲ್ಲ. ಚೆನ್ನಾಗಿರುವ ಸಂಸಾರಗಳಲ್ಲೂ ಅವು ಇರುತ್ತವೆ, ಆದರೆ ಅವುಗಳ ಬಗ್ಗೆ ಪ್ರೀತಿ ಕಳೆದುಕೊಳ್ಳದೆ ಮಾತಾಡಲು ಅಲ್ಲಿನವರಿಗೆ ಬರುತ್ತದೆ. ಜಗಳದ ಮಧ್ಯೆ ಎದೆಬಡಿತ ನಿಮಿಷಕ್ಕೆ ನೂರು ದಾಟಿದರೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಅದಕ್ಕೇ ಕನಿಷ್ಠ 20 ನಿಮಿಷ ಬಿಡುವು ತೆಗೆದುಕೊಂಡು ಮತ್ತೆ ಕೂರಿ ಎಂದು ಸಮಾಲೋಚಕರು ಹೇಳುತ್ತಾರೆ. ‘ಮತ್ತೆ ಕೂರಿ’ ಎಂಬುದು ಆ ಸಲಹೆಯ ಮುಖ್ಯ ಭಾಗ. ಎದ್ದುಹೋಗಿ ಮೂರು ದಿನ ಮಾತು ಬಿಡುವುದು ಬಿಡುವಲ್ಲ, ಶಿಕ್ಷೆ. ಕೆಲವೇ ನಿಮಿಷದ ಮಾತುಕತೆ ನೋಡಿ ವಿಚ್ಛೇದನವನ್ನು ಮುಂಚಿತವಾಗಿ ಹೇಳಬಹುದೆಂಬ ಅವರ ಹೆಸರಾಂತ ಪ್ರತಿಪಾದನೆಯನ್ನು ಇತರ ಸಂಶೋಧಕರು ಪ್ರಶ್ನಿಸಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಜಗಳದ ರೀತಿಯ ಬಗ್ಗೆ ಅವರು ಕಂಡದ್ದು ಮಾತ್ರ ಸಮಾಲೋಚನೆಯ ಕೋಣೆಗಳಲ್ಲಿ ದಿನಬಳಕೆಯ ತಿಳಿವಳಿಕೆಯಾಗಿ ಉಳಿದಿದೆ.

ಕೋಣೆಯೊಳಗೆ ನಿಜಕ್ಕೂ ಏನು ನಡೆಯುತ್ತದೆ? ಒಂದು ಕಲ್ಪಿತ ಉದಾಹರಣೆ ನೋಡಬಹುದು. ಬೆಂಗಳೂರಿನ ಒಂದು ಜೋಡಿ, ಇಬ್ಬರೂ ಕೆಲಸಕ್ಕೆ ಹೋಗುವವರು. ಗಂಡ ಮನೆ ಸೇರುವುದು ರಾತ್ರಿ ಒಂಬತ್ತೂವರೆಗೆ. ಚಪ್ಪಲಿ ಬಿಡುವಷ್ಟರಲ್ಲಿ ಹೆಂಡತಿಯ ಮಾತು: ‘ನಿಮಗೆ ಮನೆ ಅನ್ನೋದೊಂದಿದೆ ಅಂತ ನೆನಪಿರಲ್ವಾ?’ ಅವನು ಉತ್ತರಿಸದೆ ಮೊಬೈಲ್ ತೆಗೆಯುತ್ತಾನೆ. ಅವಳ ದನಿ ಏರುತ್ತದೆ. ಅವನು ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾನೆ. ಇದನ್ನೇ ಸಮಾಲೋಚಕರೆದುರು ಹೇಳುವಾಗಲೂ ಇಬ್ಬರೂ ಆ ಜಗಳವನ್ನು ಮತ್ತೊಮ್ಮೆ ಆಡುತ್ತಾರೆ. ಸಮಾಲೋಚಕಿ ನಡುವೆ ಕೈಯೆತ್ತಿ ಗತಿ ತಗ್ಗಿಸುತ್ತಾಳೆ. ಹೆಂಡತಿಯನ್ನು ಕೇಳುತ್ತಾಳೆ: ‘ಅವರು ಬರೋಕೆ ಮುಂಚೆ, ಎಂಟೂವರೆಗೆ, ನಿಮ್ಮೊಳಗೆ ಏನು ನಡೀತಿರುತ್ತೆ?’ ಸ್ವಲ್ಪ ಹೊತ್ತು ಮೌನ. ಆಮೇಲೆ ಉತ್ತರ: ‘ಬಾಗಿಲ ಕಡೆಗೇ ಕಿವಿ ಇರುತ್ತೆ. ಹೆದರಿಕೆ. ಚಿಕ್ಕವಳಿದ್ದಾಗ ಅಪ್ಪ ಬರೋದನ್ನ ಅಮ್ಮ ಹೀಗೇ ಕಾಯ್ತಿದ್ರು. ಒಂದು ದಿನ ಬರಲೇ ಇಲ್ಲ.’ ಗಂಡ ತಲೆಯೆತ್ತಿ ನೋಡುತ್ತಾನೆ. ಮದುವೆಯಾಗಿ ಇಷ್ಟು ವರ್ಷವಾದರೂ ಈ ಮಾತು ಅವನು ಕೇಳಿರಲಿಲ್ಲ. ಈಗ ಅವನ ಸರದಿ. ‘ಆ ಹೊತ್ತಲ್ಲಿ ನೀವು ಸುಮ್ಮನಾಗ್ತೀರಲ್ಲ, ಒಳಗೆ ಏನಾಗುತ್ತೆ?’ ಅವನು ತಡವರಿಸಿ ಹೇಳುತ್ತಾನೆ: ‘ಏನು ಹೇಳಿದ್ರೂ ತಪ್ಪೇ ಆಗುತ್ತೆ ಅನ್ಸುತ್ತೆ. ಇನ್ನೂ ಹಾಳು ಮಾಡ್ಬಾರ್ದು ಅಂತ ಸುಮ್ಮನಾಗ್ತೀನಿ.’ ಅವಳು ಅದನ್ನು ತಾತ್ಸಾರವೆಂದು ತಿಳಿದಿದ್ದಳು.

ನಿಜ ಜೀವನದಲ್ಲಿ ಇಷ್ಟು ದೂರ ಬರಲು ಹಲವು ವಾರಗಳು ಹಿಡಿಯಬಹುದು. ಸಮಾಲೋಚಕಿ ಇಲ್ಲಿ ಯಾವ ಬುದ್ಧಿಮಾತನ್ನೂ ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಸಿಟ್ಟಿನ ಕೆಳಗಿದ್ದ ಹೆದರಿಕೆಯನ್ನೂ, ಮೌನದ ಕೆಳಗಿದ್ದ ಕಾಳಜಿಯನ್ನೂ ಮೇಲಕ್ಕೆ ತಂದು ಇಬ್ಬರ ನಡುವೆ ಇಟ್ಟಳು ಅಷ್ಟೆ. ಮುಂದಿನ ಅಭ್ಯಾಸವೂ ಸರಳ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ‘ಹೌದು, ನಾನು ಹೇಳಿದ್ದು ಇದನ್ನೇ’ ಎಂದು ಮೊದಲಿನವರು ಒಪ್ಪುವ ತನಕ ಉತ್ತರ ಕೊಡುವಂತಿಲ್ಲ. ‘ನೀವು ಯಾವಾಗಲೂ’ ಎಂದು ಶುರುವಾಗುವ ವಾಕ್ಯ ‘ನನಗೆ ಹೀಗನ್ನಿಸುತ್ತೆ’ ಎಂದು ಶುರುವಾದರೆ ಸಂಜೆಯ ಬಣ್ಣವೇ ಬೇರೆ.

ಆ ಕೋಣೆಯಲ್ಲಿ ನಡೆದದ್ದರ ಹಿಂದಿರುವುದು ಬ್ರಿಟನ್ನಿನ ಜಾನ್ ಬೌಲ್ಬಿ ರೂಪಿಸಿದ ಬಾಂಧವ್ಯ ಸಿದ್ಧಾಂತ. ಮಗು ಅಪಾಯವೆನಿಸಿದಾಗ ತಾಯಿಯ ಆಸರೆ ಹುಡುಕುತ್ತದೆ, ಸಿಗುತ್ತದೆಂಬ ಭರವಸೆಯಿದ್ದರೆ ಧೈರ್ಯವಾಗಿ ಹೊರಗೆ ಆಡುತ್ತದೆ. ಬೌಲ್ಬಿ ಜೊತೆ ಕೆಲಸ ಮಾಡಿದ ಮೇರಿ ಐನ್ಸ್‌ವರ್ತ್ ಇದನ್ನು ಪ್ರಯೋಗಗಳಿಂದ ತೋರಿಸಿದರು. ದೊಡ್ಡವರಾದ ಮೇಲೂ ಆ ಹುಡುಕಾಟ ನಿಲ್ಲುವುದಿಲ್ಲ, ಸಂಗಾತಿಯ ಕಡೆಗೆ ತಿರುಗುತ್ತದೆ. 1980ರ ದಶಕದಲ್ಲಿ ಕೆನಡಾದ ಸೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ದಂಪತಿಗಳಿಗಾಗಿ ಭಾವಕೇಂದ್ರಿತ ಚಿಕಿತ್ಸೆ ರೂಪಿಸಿದರು. ಜಾನ್ಸನ್ ಅದನ್ನು ಬೌಲ್ಬಿಯ ತಳಹದಿಯ ಮೇಲೆ ಬೆಳೆಸಿದರು. ಒಬ್ಬರು ಬೆನ್ನಟ್ಟುವುದು, ಇನ್ನೊಬ್ಬರು ಹಿಂದೆ ಸರಿಯುವುದು, ಹಿಂದೆ ಸರಿದಷ್ಟೂ ಬೆನ್ನಟ್ಟುವುದು ಎಂಬ ಸುಳಿಯೇ ಇಬ್ಬರ ಶತ್ರು, ಒಬ್ಬರಿಗೊಬ್ಬರಲ್ಲ ಎಂದು ಅವರು ತೋರಿಸಿಕೊಟ್ಟರು.

ಒಂಟಿಯಾಗಿ ಬರುವವರ ಜೊತೆ ಹೆಚ್ಚಾಗಿ ಬಳಕೆಯಾಗುವುದು ಏರನ್ ಬೆಕ್ 1960ರ ದಶಕದಲ್ಲಿ ಕಟ್ಟಿದ ಅರಿವು-ವರ್ತನಾ ಚಿಕಿತ್ಸೆ. ಗೆಳತಿಗೆ ಕಳಿಸಿದ ಮೆಸೇಜಿಗೆ ಉತ್ತರ ಬಂದಿಲ್ಲ. ‘ನಾನು ಅವಳಿಗೆ ಬೇಡವಾದೆ’ ಎಂಬ ಯೋಚನೆ ಕ್ಷಣದಲ್ಲಿ ಬರುತ್ತದೆ, ಎದೆ ಭಾರವಾಗುತ್ತದೆ, ಆ ದಿನ ಯಾರೊಡನೆಯೂ ಮಾತಿಲ್ಲ. ಘಟನೆ, ಯೋಚನೆ, ಭಾವನೆ, ನಡೆ ಎಂದು ನಾಲ್ಕು ಕಾಲಂ ಹಾಕಿ ಇದನ್ನು ಬರೆಸುತ್ತಾರೆ. ಬರೆದದ್ದನ್ನು ನೋಡಿದಾಗ ಘಟನೆಗೂ ಯೋಚನೆಗೂ ನಡುವಿನ ಜಿಗಿತ ಕಣ್ಣಿಗೆ ಬೀಳುತ್ತದೆ. ಆ ಯೋಚನೆಗೆ ಪುರಾವೆ ಏನು, ಬೇರೆ ಕಾರಣ ಇರಬಹುದೆ ಎಂದು ಕೇಳಿಕೊಳ್ಳುವ ಅಭ್ಯಾಸ ನಿಧಾನವಾಗಿ ಬೆಳೆಯುತ್ತದೆ.

ಭಾರತದಲ್ಲಿ ಸಮಾಲೋಚಕರಿಗೆ ಬೇರೆಯೇ ಒಂದು ಸವಾಲಿದೆ. ಇಲ್ಲಿ ಬಂದವರು ಬಹಳ ಸಲ ‘ನೀವೇ ಒಂದು ದಾರಿ ಹೇಳಿ ಸಾರ್’ ಎಂದೇ ಮಾತು ಆರಂಭಿಸುತ್ತಾರೆ. ಪಂಜಾಬಿ ಕವಿಯೂ ಮನೋವೈದ್ಯರೂ ಆಗಿದ್ದ ಜೆ.ಎಸ್. ನೇಕಿ 1973ರಲ್ಲಿ ಗುರು-ಶಿಷ್ಯ ಸಂಬಂಧವೇ ಇಲ್ಲಿನ ಚಿಕಿತ್ಸೆಗೆ ಮಾದರಿಯಾಗಬಹುದೆಂದು ವಾದಿಸಿದರು. ಅದರಲ್ಲಿ ಸತ್ಯವಿದೆ. ಅಪರಿಚಿತರೆದುರು ಮನೆಯ ಗುಟ್ಟು ಬಿಚ್ಚಲು ನಮ್ಮವರಿಗೆ ಗೌರವ ಬೆರೆತ ಒಂದು ನಂಟು ಬೇಕು. ಆದರೆ ಗುರುವಿನ ಪಟ್ಟ ಸುಲಭವಾಗಿ ಸಿಗುವ ನಾಡಿನಲ್ಲಿ ಅದರ ಅಪಾಯವೂ ಅಷ್ಟೇ ದೊಡ್ಡದು. ಒಳ್ಳೆಯ ಸಮಾಲೋಚಕರು ಮೊದಲ ದಿನ ಧೈರ್ಯಕ್ಕೆ ಎರಡು ಮಾತು ಹೇಳುತ್ತಾರೆ, ದಿನ ಕಳೆದಂತೆ ನಿರ್ಧಾರವನ್ನು ಬಂದವರ ಕೈಗೇ ದಾಟಿಸುತ್ತಾರೆ.

ಇದೆಲ್ಲ ಫಲ ಕೊಡುತ್ತದೆಯೆ? 1952ರಲ್ಲಿ ಮನಃಶಾಸ್ತ್ರಜ್ಞ ಹ್ಯಾನ್ಸ್ ಐಸೆಂಕ್ ಮಾತಿನ ಚಿಕಿತ್ಸೆಯಿಂದ ಪ್ರಯೋಜನವಿದೆ ಎನ್ನಲು ಪುರಾವೆಯೇ ಇಲ್ಲವೆಂದು ಬರೆದು ಕ್ಷೇತ್ರವನ್ನೇ ಬೆಚ್ಚಿಬೀಳಿಸಿದರು. ಅದಕ್ಕೆ ಸಿಕ್ಕ ದೊಡ್ಡ ಉತ್ತರ 1977ರದು. ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ 375 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿ ಚಿಕಿತ್ಸೆ ಪಡೆಯದವರಲ್ಲಿ ಶೇ 75ರಷ್ಟು ಜನರಿಗಿಂತ ಉತ್ತಮ ಸ್ಥಿತಿಯಲ್ಲಿದ್ದದ್ದು ಕಂಡುಬಂತು. ಒಂದು ವಿಧಾನಕ್ಕೂ ಇನ್ನೊಂದಕ್ಕೂ ನಡುವಿನ ವ್ಯತ್ಯಾಸ ಮಾತ್ರ ಅಷ್ಟೇನೂ ದೊಡ್ಡದಲ್ಲ. ಬಂದವರಿಗೂ ಸಮಾಲೋಚಕರಿಗೂ ನಡುವೆ ಕುದುರುವ ನಂಟು, ಗುರಿಯ ಬಗ್ಗೆ ಇಬ್ಬರಿಗೂ ಇರುವ ಒಪ್ಪಿಗೆ ಇವೇ ಫಲಿತಾಂಶದ ಒಳ್ಳೆಯ ಸೂಚಕಗಳೆಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಗಾಯವಾದದ್ದು ಸಂಬಂಧದಲ್ಲಿ, ವಾಸಿಯಾಗುವುದೂ ಸಂಬಂಧದಲ್ಲೇ. ಎಲ್ಲರಿಗೂ ಗುಣವಾಗುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಕೆಲವರ ಸ್ಥಿತಿ ಮೊದಲಿಗಿಂತ ಹದಗೆಡುವುದೂ ಇದೆ. ಆರೇಳು ಭೇಟಿಯ ನಂತರವೂ ಏನೂ ಬದಲಾಗದಿದ್ದರೆ ಅದನ್ನು ಸಮಾಲೋಚಕರೆದುರೇ ಹೇಳಬೇಕು, ಬೇಕೆನಿಸಿದರೆ ಬೇರೆಯವರ ಬಳಿ ಹೋಗಬೇಕು.

ತಜ್ಞರ ಕೊರತೆ ನಮ್ಮ ದೊಡ್ಡ ಸಮಸ್ಯೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಜನ ಯಾವುದಾದರೊಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಅವರಲ್ಲಿ ಬಹುಪಾಲು ಜನಕ್ಕೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಇದಕ್ಕೆ ಗೋವಾ ಒಂದು ದಾರಿ ತೋರಿಸಿತು. ಸಂಗಾತ್ ಸಂಸ್ಥೆ ಅಲ್ಲಿನ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯಿದ್ದವರ ಜೊತೆ ಆರರಿಂದ ಎಂಟು ಭೇಟಿಗಳ ಸಮಾಲೋಚನೆ ಮಾಡಿಸಿತು. 2017ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಫಲಿತಾಂಶದಂತೆ ಮೂರು ತಿಂಗಳಲ್ಲಿ ಅವರಲ್ಲಿ ಶೇ 64 ಮಂದಿ ಚೇತರಿಸಿಕೊಂಡಿದ್ದರು. ಮಾಮೂಲಿ ಆರೈಕೆ ಪಡೆದವರಲ್ಲಿ ಆ ಪ್ರಮಾಣ ಶೇ 39. ಜಿಂಬಾಬ್ವೆಯಲ್ಲಿ ಡಾ. ಡಿಕ್ಸನ್ ಚಿಬಾಂಡ 2006ರಿಂದ ಅಜ್ಜಿಯರಿಗೆ ತರಬೇತಿ ನೀಡಿ, ಆರೋಗ್ಯ ಕೇಂದ್ರದ ಅಂಗಳದ ಬೆಂಚಿನ ಮೇಲೆ ಸಮಾಲೋಚನೆಗೆ ಕೂರಿಸಿದ್ದಾರೆ. ಆಶಾ ಕಾರ್ಯಕರ್ತೆಯರು ಹಳ್ಳಿಹಳ್ಳಿಯಲ್ಲಿರುವ ಕರ್ನಾಟಕ ಇದನ್ನು ಇನ್ನಷ್ಟು ಗಂಭೀರವಾಗಿ ನೋಡಬೇಕು.

ಕಾನೂನಿನ ಅಂಗಳದಲ್ಲೂ ಸಮಾಲೋಚನೆಗೆ ಜಾಗವಿದೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ರಾಜಿಯ ಪ್ರಯತ್ನವನ್ನು ನ್ಯಾಯಾಲಯದ ಕರ್ತವ್ಯವಾಗಿಸಿ, ಸಮಾಲೋಚಕರ ನೇಮಕಕ್ಕೂ ಅವಕಾಶ ಕೊಟ್ಟಿದೆ. ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ 2007ರಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು. ರಾಜ್ಯ ಸರ್ಕಾರದ ಸಾಂತ್ವನ ಕೇಂದ್ರಗಳು ನೊಂದ ಮಹಿಳೆಯರಿಗೆ ತಾಲ್ಲೂಕುಗಳಲ್ಲೂ ಆಸರೆಯಾಗಿವೆ. ಆದರೆ ಒಂದು ಗೆರೆಯನ್ನು ಇಲ್ಲಿ ದಪ್ಪವಾಗಿ ಎಳೆಯಬೇಕು. ಹೊಡೆತ ಬಡಿತ ಇರುವ ಮನೆಗೆ ‘ಇಬ್ಬರೂ ಸ್ವಲ್ಪ ತಿದ್ದಿಕೊಳ್ಳಿ’ ಎಂಬ ಜಂಟಿ ಸಮಾಲೋಚನೆ ಮದ್ದಲ್ಲ, ಅಪಾಯ. ಕೋಣೆಯಲ್ಲಿ ಹೆಂಡತಿ ಬಾಯಿಬಿಟ್ಟು ಹೇಳಿದ್ದಕ್ಕೆ ಆ ರಾತ್ರಿಯೇ ಮನೆಯಲ್ಲಿ ಏಟು ಬೀಳಬಹುದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ನಿಯಮಗಳು ಈ ವಿಷಯದಲ್ಲಿ ಖಚಿತವಾಗಿವೆ. ಸಮಾಲೋಚನೆಯಲ್ಲಿ ಆರೋಪಿ ತನ್ನ ಹಿಂಸೆಗೆ ಸಮರ್ಥನೆ ಮುಂದಿಡುವಂತಿಲ್ಲ. ಮೊದಲು ಸುರಕ್ಷತೆ, ಉಳಿದದ್ದೆಲ್ಲ ಆಮೇಲೆ. ಸಂಬಂಧ ಉಳಿಯುವುದೇ ಸಮಾಲೋಚನೆಯ ಗೆಲುವು ಎಂದು ತಿಳಿಯುವುದೂ ತಪ್ಪು. ಕೆಲವರಿಗೆ ಗೌರವದಿಂದ ಬೇರೆಯಾಗಿ, ಮಕ್ಕಳಿಗೆ ಒಳ್ಳೆಯ ಅಪ್ಪ ಅಮ್ಮನಾಗಿ ಉಳಿಯುವುದೇ ಆರೋಗ್ಯದ ದಾರಿ.

ಹಾಗೆಯೇ ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆಗಳಿಗೆ ಮನೋವೈದ್ಯರ ಔಷಧಿ ಬೇಕೇ ಬೇಕು, ತೀವ್ರ ಖಿನ್ನತೆಗೂ ಅದು ಬೇಕಾಗಬಹುದು. ಸಮಾಲೋಚನೆ ಅದರ ಜೊತೆಗಿರಬೇಕೇ ಹೊರತು ಅದರ ಜಾಗದಲ್ಲಲ್ಲ.

ಸಮಾಲೋಚಕರನ್ನು ಆರಿಸುವಾಗ ಎಚ್ಚರ ಬೇಕು. ಚಿಕಿತ್ಸಾ ಮನಃಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. ಉಳಿದ ಸಮಾಲೋಚಕರಿಗೆ ಬಹುಕಾಲ ಯಾವ ನಿಯಂತ್ರಣವೂ ಇರಲಿಲ್ಲ, ವಾರಾಂತ್ಯದ ಕೋರ್ಸು ಮುಗಿಸಿದವರೂ ಬೋರ್ಡು ಹಾಕಬಹುದಿತ್ತು. ಇತರ ಆರೋಗ್ಯ ವೃತ್ತಿಗಳಿಗಾಗಿ 2021ರಲ್ಲಿ ಬಂದ ಕೇಂದ್ರ ಕಾಯ್ದೆ ಅವರನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಮೊದಲ ಭೇಟಿಯಲ್ಲೇ ಓದು, ತರಬೇತಿ, ಅನುಭವ, ಶುಲ್ಕ ಎಲ್ಲವನ್ನೂ ಕೇಳಬಹುದು. ಕೇಳಿದ್ದಕ್ಕೆ ಮುನಿಯುವವರ ಬಳಿ ಎರಡನೇ ಸಲ ಹೋಗಬೇಕಾಗಿಲ್ಲ. ಹೇಳಿದ ವಿಷಯ ಹೊರಗೆ ಹೋಗುವುದಿಲ್ಲ ಎಂಬ ಭರವಸೆ ಈ ವೃತ್ತಿಯ ಪ್ರಾಣ. ಜೀವಕ್ಕೆ ಅಪಾಯವಿದ್ದಾಗ ಮತ್ತು ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಾಗ ಅದಕ್ಕೆ ವಿನಾಯಿತಿ ಇರುತ್ತದೆ. ಇದನ್ನು ಒಳ್ಳೆಯ ಸಮಾಲೋಚಕರು ಮೊದಲೇ ತಿಳಿಸುತ್ತಾರೆ. ಮಾನಸಿಕ ಚಿಕಿತ್ಸೆ ಮತ್ತು ಅದರ ಗೋಪ್ಯತೆ ಎರಡನ್ನೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರತಿ ಪ್ರಜೆಯ ಹಕ್ಕಾಗಿಸಿದೆ.

ಖಾಸಗಿ ಸಮಾಲೋಚನೆಯ ಶುಲ್ಕ ಎಲ್ಲರ ಕೈಗೆಟಕುವುದಿಲ್ಲ. ಹಾಗೆಂದು ಸುಮ್ಮನೆ ಕೂರಬೇಕಾಗಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ಮೂರು ವರ್ಷ ತುಂಬುವಷ್ಟರಲ್ಲಿ ಅದಕ್ಕೆ 20 ಲಕ್ಷಕ್ಕೂ ಹೆಚ್ಚು ಕರೆಗಳು ಬಂದಿದ್ದವು. ಸಂಕಟ ದೊಡ್ಡದೋ ಚಿಕ್ಕದೋ ಎಂದು ಅಳೆಯುತ್ತ ಕೂರದೆ, ಮನೆಯಲ್ಲಿ ಯಾರಿಗಾದರೂ ಬೇಕಾದೀತೆಂದು ಈ ಸಂಖ್ಯೆಯನ್ನು ಇಂದೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ: 14416. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹಿಂಸೆ ನಡೆಯುತ್ತಿದ್ದರೆ ಮಹಿಳೆಯರು ಕರೆ ಮಾಡಬೇಕಾದ ಸಂಖ್ಯೆ 181.